ಒಂದು ಮಾತೂ ಆಡಲಿಲ್ಲ

ಕಡೂರಿನಲ್ಲಿ ಬಾಡಿಗೆ ಮನೆ ಹಿಡಿಯುವಾಗ ಯಶೋದಾ ಒಂದೇ ಒಂದು ಸುಳ್ಳು ಹೇಳಿದ್ದಳು. ಮನೆ ತೋರಿಸುತ್ತಿದ್ದ ಗುರುಮೂರ್ತಿ ಬಚ್ಚಲಿನ ಗೋಡೆಯ ಮೇಲೆ ಕೈಯಾಡಿಸುತ್ತ, "ಈ ಟೈಲ್ಸು ಗುಜರಾತಿನ ಮಾಲು ಕಣಮ್ಮ, ಇಪ್ಪತ್ತು ವರ್ಷ ಆದ್ರೂ ಬಣ್ಣ ಹೋಗಲ್ಲ" ಎಂದವರು, ಅದೇ ಉಸಿರಿನಲ್ಲಿ "ಮನೆಯವರು ಎಲ್ಲಿದಾರೆ?" ಎಂದು ಕೇಳಿಬಿಟ್ಟರು. ಯಶೋದಾ ಒಂದು ಕ್ಷಣ ತಡವರಿಸಿ, "ಗುಜರಾತಿನಲ್ಲೇ ಸಾರ್, ಕಂಪನಿ ಕೆಲಸ. ಆರು ತಿಂಗಳಿಗೊಮ್ಮೆ ಬರ್ತಾರೆ" ಎಂದಳು. ಮಿಕ್ಕಿದ್ದೆಲ್ಲ ನಿಜವನ್ನೇ ಹೇಳಿದ್ದಳು. ತವರು ಲಿಂಗದಹಳ್ಳಿ, ವಯಸ್ಸು ನಲವತ್ತೊಂದು, ಮಕ್ಕಳಿಲ್ಲ, ಸ್ಟೇಷನ್ ರಸ್ತೆಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ.

ಗುರುಮೂರ್ತಿಯವರದು ಹಿಂಡಿ, ಬೂಸಾ ವ್ಯಾಪಾರ. ನೆಲಮಹಡಿಯಲ್ಲಿ ತಾವಿದ್ದುಕೊಂಡು ಮೇಲಿನ ಮೂರು ಮಹಡಿಗಳಲ್ಲಿ ಆರು ಬಾಡಿಗೆ ಮನೆ ಕಟ್ಟಿಸಿದ್ದರು. ಬೀದಿಯವರು ಅದನ್ನು ಅಪಾರ್ಟ್‌ಮೆಂಟ್ ಎನ್ನುತ್ತಿದ್ದರು. ಗುರುಮೂರ್ತಿಗೂ ಹಾಗೆ ಕರೆಸಿಕೊಳ್ಳುವುದು ಇಷ್ಟವಿತ್ತು. ಮಠದ ಕಾರ್ಯಗಳಲ್ಲಿ ಮುಂದೆ ನಿಲ್ಲುವ ಮನುಷ್ಯ. ಬಾಡಿಗೆದಾರರ ಮಕ್ಕಳಿಗೆ ಜ್ವರ ಬಂದರೆ ತಾವೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೋಗುವಷ್ಟು ಒಳ್ಳೆಯವರು. ಅವರ ಹೆಂಡತಿ ಮಲ್ಲಿಕಾಂಬ ಮೊದಲ ವಾರವೇ ಒಂದು ಡಬ್ಬಿ ಚಟ್ನಿಪುಡಿ ತಂದುಕೊಟ್ಟು, "ಒಬ್ಬಳೇ ಇದೀಯ, ಏನು ಬೇಕಾದ್ರೂ ಕೂಗಮ್ಮ" ಎಂದಿದ್ದರು.

ಎರಡನೇ ಮಹಡಿಯ ಆ ಮನೆಗೆ ಯಶೋದಾ ತಂದಿದ್ದ ಸಾಮಾನು ಸ್ವಲ್ಪ. ಅದರಲ್ಲಿ ದೊಡ್ಡದೆಂದರೆ ಟೀವಿ. ಅದನ್ನು ಅವಳು ತನ್ನ ಸಂಬಳದಲ್ಲಿ ಕೊಂಡಿದ್ದಳು. ಅಜ್ಜಂಪುರದ ಮನೆ ಬಿಟ್ಟು ಬರುವ ದಿನ ಗೋಡೆಯಿಂದ ಅದನ್ನು ಬಿಚ್ಚಿ, ಕೆಳಗಿದ್ದ ಸೆಟ್‌ಟಾಪ್ ಬಾಕ್ಸನ್ನೂ ಸೀರೆಯಲ್ಲಿ ಸುತ್ತಿ ಗೂಡ್ಸ್ ಆಟೋಗೆ ಹಾಕಿಸಿದ್ದಳು. ಡಿಶ್ಶು ಮಾತ್ರ ಅಲ್ಲೇ ತಾರಸಿಯ ಮೇಲೆ ಉಳಿದಿತ್ತು. ಮೂರು ತಿಂಗಳು ಟೀವಿ ಸುಮ್ಮನೆ ಗೋಡೆಗೆ ಒರಗಿಕೊಂಡು ಕೂತಿತ್ತು. ಲ್ಯಾಬಿನಿಂದ ಬಂದು, ಬೀಗ ತೆಗೆದು ಒಳಗೆ ಕಾಲಿಟ್ಟರೆ ಸದ್ದೇ ಇಲ್ಲ. ಅಜ್ಜಂಪುರದಲ್ಲಿದ್ದ ಮೌನ ಒಬ್ಬ ಮನುಷ್ಯನದಾಗಿತ್ತು, ಇಲ್ಲಿಯದು ಯಾರದೂ ಅಲ್ಲ ಎಂದು ಅವಳು ತನಗೇ ಹೇಳಿಕೊಳ್ಳುತ್ತಿದ್ದಳು. ಆದರೆ ಕಿವಿಗೆ ಎರಡರ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಅವಳ ಗಂಡ ಪ್ರಸನ್ನಕುಮಾರ್ ಹೈಸ್ಕೂಲು ಮೇಷ್ಟ್ರು. ಸುತ್ತಿನ ಊರುಗಳಲ್ಲಿ ಯಾವ ಸಮಾರಂಭವಾಗಲಿ, ನಿರೂಪಣೆಗೆ ಅವನೇ ಬೇಕು. ಮೈಕು ಕೈಗೆ ಬಂದರೆ ಕೂತ ಜನ ಏಳುತ್ತಿರಲಿಲ್ಲ. ಕುಡಿತವಿಲ್ಲ, ಎಲೆಅಡಿಕೆಯಿಲ್ಲ, ಹದಿನಾಲ್ಕು ವರ್ಷದಲ್ಲಿ ಹೆಂಡತಿಯ ಮೇಲೆ ಕೈಯೆತ್ತಿದವನಲ್ಲ. ಅವಳೊಡನೆ ಮಾತು ಬಿಡುತ್ತಿದ್ದ, ಅಷ್ಟೇ.

ಮದುವೆಯಾದ ಮೂರನೇ ತಿಂಗಳು ಅದು ಶುರುವಾಯಿತು. ನೆಂಟರ ಮುಂದೆ ಏನೋ ಹಳೆಯ ಸಂಗತಿ ಹೇಳುತ್ತಿದ್ದವನು ಒಂದು ಕೆರೆಯ ಹೆಸರು ತಪ್ಪಿ ಹೇಳಿದ. "ಅದು ಬುಕ್ಕಾಂಬುಧಿ ಕೆರೆ ಅಲ್ವಾ?" ಎಂದು ಯಶೋದಾ ನಡುವೆ ಬಾಯಿ ಹಾಕಿದಳು. ನೆಂಟರು ನಕ್ಕರು, ಅವನೂ ನಕ್ಕ. ಅವರು ಹೋದ ಮೇಲೆ ಹನ್ನೊಂದು ದಿನ ಅವಳ ಜೊತೆ ಮಾತಾಡಲಿಲ್ಲ. ಆಮೇಲೆ ಇನ್ನೊಂದಕ್ಕೆ ನಲವತ್ತು ದಿನ, ಮತ್ತೊಂದಕ್ಕೆ ಮೂರು ತಿಂಗಳು. ಕೊನೆಕೊನೆಗೆ ಕಾರಣವೇನೆಂದೂ ತಿಳಿಯುತ್ತಿರಲಿಲ್ಲ. ಬಡಿಸಿದ್ದನ್ನು ಉಣ್ಣುತ್ತಿದ್ದ, ಒಗೆದದ್ದನ್ನು ಉಡುತ್ತಿದ್ದ, ಅವಳು ಎದುರು ನಿಂತು ಕೇಳಿದರೆ ಅವಳ ಭುಜದಾಚೆಯ ಗೋಡೆ ನೋಡುತ್ತಿದ್ದ. ಫೋನು ಬಂದರೆ ಮಾತ್ರ ಕಂಠ ಜೇನಾಗುತ್ತಿತ್ತು.

ಕಳೆದ ವರ್ಷ ಯುಗಾದಿಗೆ ಬಿಟ್ಟ ಮಾತನ್ನು ಅವನು ದೀಪಾವಳಿಯಾದರೂ ಎತ್ತಿಕೊಳ್ಳಲಿಲ್ಲ. ಆ ನಡುವೆ ಒಂದು ಬೆಳಿಗ್ಗೆ ಯಶೋದಾ ಬಚ್ಚಲಲ್ಲಿ ಜಾರಿ ಬಿದ್ದಳು. ಕಾಲು ತಿರುಚಿ ಏಳಲಾಗಲಿಲ್ಲ. "ರೀ" ಎಂದು ಕೂಗಿದಳು. ಅವನು ಬಂದು ಬಾಗಿಲಲ್ಲಿ ನಿಂತು ನೋಡಿದ. ತಿರುಗಿ ಹೋಗಿ, ಪಕ್ಕದ ಮನೆಯ ಬಾಗಿಲು ತಟ್ಟಿ, "ತಾಯಿ, ನಮ್ಮನೆಯವರು ಬಿದ್ಬಿಟ್ಟಿದಾರೆ, ದಯವಿಟ್ಟು ಬನ್ನಿ, ನನಗೆ ಕೈಕಾಲೇ ಆಡ್ತಿಲ್ಲ" ಎಂದ. ಆಸ್ಪತ್ರೆಯಲ್ಲಿ ಡಾಕ್ಟರಿಗೆ ಎಲ್ಲವನ್ನೂ ವಿವರವಾಗಿ ಹೇಳಿದ. ನರ್ಸಮ್ಮ, "ಪುಣ್ಯವಂತೆ ಕಣಮ್ಮ ನೀನು" ಎಂದಳು. ಮನೆಗೆ ಬಂದ ಮೇಲೆ ನೋವು ಹೇಗಿದೆ ಎಂದು ಅವನು ಕೇಳಲಿಲ್ಲ. ಕಾಲಿನ ಪಟ್ಟಿ ಬಿಚ್ಚಿದ ವಾರ ಯಶೋದಾ ಮನೆ ಬಿಟ್ಟಳು.

ಡಿಶ್ಶು ಹಾಕಲು ಬಂದವನು ಭೈರೇಶ. ಬೈಕಿನ ಹಿಂದೆ ತಟ್ಟೆ ಕಟ್ಟಿಕೊಂಡು ಊರೂರು ತಿರುಗುವವನು, ಒಳ್ಳೆಯ ಕೆಲಸಗಾರ. ಭಾನುವಾರ ಮಧ್ಯಾಹ್ನ ಬಂದ. ಗೋಡೆಗೆ ತೂತು ಹೊಡೆಯುತ್ತಾರೆಂದು ತಿಳಿದು ಗುರುಮೂರ್ತಿಯೂ ಹಿಂದೆಯೇ ಮೆಟ್ಟಿಲು ಹತ್ತಿಬಂದರು.

"ಗೋಡೆಗೆ ಮಾತ್ರ ಡ್ರಿಲ್ ಹಾಕ್ಬೇಡ ಕಣಪ್ಪ. ಮಳೆಗಾಲದಲ್ಲಿ ನೀರು ಇಳೀತದೆ."

"ಗೋಡೆ ಮುಟ್ಟಲ್ಲ ಯಜಮಾನ್ರೇ. ಬಾಲ್ಕನಿ ಕಂಬಿಗೇ ಕ್ಲ್ಯಾಂಪ್ ಹಾಕ್ತೀನಿ. ಮೇಲ್ಗಡೆ ಮನೆ ಬಾಲ್ಕನಿ ಅಡ್ಡ ಬತ್ತದಲ್ಲ, ಅದುಕ್ಕೆ ಡಿಶ್ಶು ಒಂದು ಮೊಳ ಆಚಿಕೆ ಚಾಚ್ಕಂಡಿರ್ಬೇಕು. ಆಕಾಶ ಕಾಣ್ದೇ ಇದ್ರೆ ಸಿಗ್ನಲ್ ಎಲ್ಲಿಂದ ಬಂದಾತು?"

ಕಂಬಿಯಾಚೆ ಅರ್ಧ ಮೈ ಚಾಚಿ ನಟ್ಟು ಬಿಗಿದ. ತಟ್ಟೆಯನ್ನು ಒಂದೊಂದು ಬೆರಳಿನಷ್ಟು ತಿರುಗಿಸುತ್ತ ಒಳಗೆ ಟೀವಿ ಮುಂದೆ ಕೂತಿದ್ದ ಯಶೋದಾಳನ್ನು ಕೂಗಿ ಕೇಳುತ್ತಿದ್ದ.

"ಬಂತಾ ಅಕ್ಕಾ?"

"ಇಲ್ಲ."

"ಈಗ?"

"ಇಪ್ಪತ್ತು ಅಂತಿದೆ... ಮೂವತ್ತು... ಅಯ್ಯೋ, ಹೋಯ್ತು!"

"ಹೋಗ್ಲಿ ಬಿಡಿ, ಬತ್ತದೆ. ಎಲ್ಲಿಗೆ ಹೋದಾತು!"

ಗುರುಮೂರ್ತಿ ನಕ್ಕರು. ಯಶೋದಾಳಿಗೂ ನಗು ಬಂತು. ಒಂದು ಸಣ್ಣ ಪ್ರಶ್ನೆಗೆ ಒಂದು ಸಣ್ಣ ಉತ್ತರ, ಮತ್ತೆ ಪ್ರಶ್ನೆ, ಮತ್ತೆ ಉತ್ತರ. ಎಷ್ಟು ದಿನವಾಯಿತು ಮನೆಯೊಳಗೆ ಹೀಗೆ ಕೂಗಾಡಿ! ಎಂಬತ್ತಕ್ಕೆ ಬಂದು ನಿಂತಾಗ ಅವಳು ಚಿಕ್ಕ ಹುಡುಗಿಯ ಹಾಗೆ "ಬಂತು, ಬಂತು" ಎಂದಳು. ಕಾಫಿ ಮಾಡುತ್ತೇನೆಂದು ಅಡಿಗೆಮನೆಗೆ ಹೋದಳು.

ಹಳೆಯ ಬಾಕ್ಸು ಹೊಸ ಜಾಗದಲ್ಲಿ ಚಾಲೂ ಆಗಬೇಕಾದರೆ ಕಂಪನಿಯಲ್ಲಿ ವಿಳಾಸ ಬದಲಾಯಿಸಬೇಕು. ಭೈರೇಶ ಫೋನನ್ನು ಸ್ಪೀಕರಿಗೆ ಹಾಕಿಕೊಂಡು, ಬಾಕ್ಸಿನ ಹಿಂದಿನ ನಂಬರು ಓದಿ ಹೇಳಿದ. ಆ ಕಡೆಯ ಹುಡುಗಿ ಬಾಯಿಪಾಠ ಒಪ್ಪಿಸುವ ಹಾಗೆ ಹೇಳಿದಳು: "ಈ ಕನೆಕ್ಷನ್ ಪ್ರಸನ್ನಕುಮಾರ್ ಅವರ ಹೆಸರಿನಲ್ಲಿದೆ ಸರ್, ಅಜ್ಜಂಪುರ ವಿಳಾಸ. ಶಿಫ್ಟಿಂಗ್ ಮಾಡಲು ಅವರ ನಂಬರಿಗೆ ಓಟಿಪಿ ಕಳಿಸಿದ್ದೇವೆ."

ಅಡಿಗೆಮನೆಯಲ್ಲಿ ಯಶೋದಾಳ ಕೈಯ ಚಮಚ ನಿಂತಿತು. ದುಡ್ಡು ಕಟ್ಟಿದ್ದವಳು ತಾನು, ಹಾಗಾಗಿ ನಂಬರೂ ತನ್ನದೇ ಎಂದುಕೊಂಡಿದ್ದಳು. ಅವತ್ತು ಅರ್ಜಿ ತುಂಬಿದ್ದು ಯಾರೆಂದು ಈಗ ನೆನಪಾಯಿತು. ಅವಳು ಹಾಲಿನ ಪಾತ್ರೆ ಇಳಿಸಿ ಓಡಿಬರುವಷ್ಟರಲ್ಲಿ ಭೈರೇಶ ಹುಡುಗಿಯಿಂದ ನಂಬರಿನ ಕೊನೆಯ ನಾಲ್ಕು ಅಂಕಿ ಕೇಳಿ, ಬಾಕ್ಸಿನ ಮೇಲೆ ಯಾವಾಗಲೋ ಪೆನ್ನಿನಲ್ಲಿ ಬರೆದಿದ್ದ ಪೂರಾ ನಂಬರಿಗೆ ತಾಳೆ ಹಾಕಿ, ಡಯಲ್ ಮಾಡಿಯೇ ಬಿಟ್ಟಿದ್ದ.

"ಬೇಡ ಭೈರೇಶಣ್ಣ, ಬೇಡ, ಹೊಸ ಕನೆಕ್ಷನ್ನೇ ತಗೋತೀನಿ—"

"ಯಾಕಕ್ಕ ಸುಮ್ನೆ ಖರ್ಚು? ಒಂದು ನಿಮಿಷ. ಹಲೋ, ಸಾರ್, ಡಿಶ್ ಅವ್ರು ಮಾತಾಡೋದು. ಒಂದು ಓಟಿಪಿ ಬಂದದಲ್ಲ?"

"ಬಂದಿದೆಯಪ್ಪ" ಎಂದಿತು ಆ ಕಂಠ. ಸ್ಪೀಕರು ಇನ್ನೂ ಆನ್ ಇತ್ತು. "ನಾನು ಎಲ್ಲಿಗೂ ಶಿಫ್ಟಿಂಗ್ ಕೇಳಿಲ್ಲವಲ್ಲ. ಯಾವ ವಿಳಾಸಕ್ಕೆ?"

"ಕಡೂರು ಸಾರ್. ಹಿಂಡಿ ಅಂಗಡಿ ಗುರುಮೂರ್ತಿ ಅವ್ರ ಅಪಾರ್ಟ್‌ಮೆಂಟು. ಎರಡನೇ ಮಹಡಿ. ಯಶೋದಾ ಮೇಡಂ ಮನೆ."

ಒಂದು ಕ್ಷಣ ಆ ಕಡೆ ಏನೂ ಕೇಳಿಸಲಿಲ್ಲ. ಆ ಒಂದು ಕ್ಷಣವನ್ನು ಯಶೋದಾ ಬಲ್ಲಳು.

"ಸಂತೋಷ. ಬರೆದುಕೋಪ್ಪ" ಎಂದು ಪ್ರಸನ್ನಕುಮಾರ್ ನಾಲ್ಕು ಅಂಕಿಗಳನ್ನೂ ಬಿಡಿಬಿಡಿಸಿ, ಕೊನೆಯ ಸಾಲಿನವರಿಗೂ ಕೇಳಿಸುವ ಹಾಗೆ ಹೇಳಿದ. "ಚೆನ್ನಾಗಿ ಕೂರಿಸಿಕೊಡು. ಅವರಿಗೆ ತೊಂದರೆಯಾಗಬಾರದು."

ಟೀವಿ ಬಂತು. ಯಾವುದೋ ಧಾರಾವಾಹಿಯ ಅತ್ತೆ ಗಟ್ಟಿಯಾಗಿ ಕಿರುಚುತ್ತಿದ್ದಳು. ಭೈರೇಶ ಕಾಫಿ ಕುಡಿದು ಹೋದ. ಗುರುಮೂರ್ತಿ ಲೋಟ ಕೆಳಗಿಟ್ಟು, "ಅಜ್ಜಂಪುರನಾ?" ಎಂದರು. ಗುಜರಾತಿನ ಮಾತು ಎತ್ತಲಿಲ್ಲ. ಸುಳ್ಳು ಹಿಡಿದವರ ಸಿಟ್ಟೂ ಅವರ ಮುಖದಲ್ಲಿರಲಿಲ್ಲ. ಅದರ ಬದಲು ಅಲ್ಲಿ ಕಂಡ ಮರುಕಕ್ಕೆ ಯಶೋದಾ ಹೆಚ್ಚು ಹೆದರಿದಳು.

"ಸಾರ್, ನಾನೇ ಹೇಳ್ಬೇಕಿತ್ತು. ನಾನು ಬಿಟ್ಟು ಬಂದಿದೀನಿ."

"ಹೊಡೀತಾರಾ?"

"ಇಲ್ಲ."

"ಕುಡಿತ? ಇನ್ನೊಂದು ಸಂಬಂಧ ಏನಾದ್ರೂ?"

"ಇಲ್ಲ ಸಾರ್. ಮಾತಾಡಲ್ಲ."

ಗುರುಮೂರ್ತಿ ಮುಂದಿನ ಮಾತಿಗಾಗಿ ಕಾದರು. ಮುಂದೆ ಏನೂ ಇರಲಿಲ್ಲ. "ಅಷ್ಟೇನಾ?" ಎಂದು ಕೇಳಿ, ಕೇಳಿದ್ದು ಒರಟಾಯಿತೇನೋ ಎಂದು ತಾವೇ ಮುಜುಗರಪಟ್ಟುಕೊಂಡು ಕೆಳಗಿಳಿದು ಹೋದರು.

ಮುಂದಿನ ಭಾನುವಾರ ಪ್ರಸನ್ನಕುಮಾರ್ ಬಂದ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಹಣ್ಣಿನ ಚೀಲ. ಬಂದವನು ಎರಡನೇ ಮಹಡಿಗೆ ಹತ್ತಲಿಲ್ಲ. ನೆಲಮಹಡಿಯ ಗಂಟೆ ಒತ್ತಿದ. ಮಲ್ಲಿಕಾಂಬ ಬಾಗಿಲು ತೆರೆದವರು ಒಳಗೆ ತಿರುಗಿ, "ರೀ, ಯಾರು ಬಂದಿದಾರೆ ನೋಡಿ! ಮಠದ ಶಿವಾನುಭವದಲ್ಲಿ ನಿರೂಪಣೆ ಮಾಡ್ತಾರಲ್ಲ, ಆ ಮೇಷ್ಟ್ರು!" ಎಂದರು. ಆ ದನಿಯಲ್ಲಿ ಮನೆಗೆ ಸ್ವಾಮಿಗಳೇ ಬಂದಷ್ಟು ಹಿಗ್ಗಿತ್ತು.

ಯಶೋದಾಳನ್ನು ಕರೆಸಿದರು. ಅವಳು ಕೆಳಗಿಳಿದು ಬರುವಾಗ ಪ್ರಸನ್ನಕುಮಾರ್ ಸೋಫಾದಿಂದ ಎದ್ದು ನಿಂತ.

"ಯಶೂ, ಹೇಗಿದ್ದೀಯಮ್ಮ? ಕಾಲು ನೋವು ವಾಸಿಯಾಯಿತಾ?"

ಹದಿನಾಲ್ಕು ವರ್ಷದಲ್ಲಿ ಅವನು ಅವಳನ್ನು ಯಶೂ ಎಂದಿರಲಿಲ್ಲ. ಅವಳ ಬಾಯಿಂದ ಅಪ್ರಯತ್ನವಾಗಿ "ಆಯ್ತು" ಎಂದು ಬಂದುಬಿಟ್ಟಿತು. ಹತ್ತು ತಿಂಗಳಿಂದ ಹಸಿದಿದ್ದ ಕಿವಿ, ಕೇಳಿದ ತಕ್ಷಣ ಉತ್ತರ ಕೊಟ್ಟುಬಿಟ್ಟಿತ್ತು. ಆ ನಾಚಿಕೆ ಅವಳಿಗೆ ಆಮೇಲೆ ಎಷ್ಟೋ ದಿನ ಹೋಗಲಿಲ್ಲ.

ಅವನು ಅರ್ಧ ಗಂಟೆ ಮಾತಾಡಿದ. ಹೆಂಡತಿಯನ್ನು ಒಂದು ಸಲವೂ ದೂರಲಿಲ್ಲ. "ತಪ್ಪೆಲ್ಲ ನನ್ನದೇ ಯಜಮಾನ್ರೇ. ಶಾಲೆ, ಸಭೆ ಅಂತ ಊರೂರು ಅಲೆದೆ. ಹೆಣ್ಣುಮಗಳು ಮನೆಯಲ್ಲಿ ಒಬ್ಬಳೇ ಏನು ಮಾಡಬೇಕು? ಮಕ್ಕಳಿದ್ದಿದ್ದರೆ ಮಾತು ಬೇರೆ. ಆ ಕೊರಗು ಅವಳಿಗೆ ಮನಸ್ಸಿಗೆ ಹತ್ತಿದೆ. ನಾನು ಮಾತಾಡಿದ್ದೂ ಅವಳಿಗೆ ಕೇಳಿಸುತ್ತಿಲ್ಲವೇನೋ ಅಂತ ಒಮ್ಮೊಮ್ಮೆ ಭಯವಾಗುತ್ತದೆ." ಮಲ್ಲಿಕಾಂಬ ಸೆರಗಿನಿಂದ ಕಣ್ಣೊರೆಸಿಕೊಂಡರು. ಅವನು ಮೊಬೈಲು ತೆಗೆದು, ಅವರೆಲ್ಲರ ಎದುರಿಗೇ ಡಿಶ್ಶಿಗೆ ಒಂದು ವರ್ಷದ ರೀಚಾರ್ಜ್ ಮಾಡಿದ. "ಎಲ್ಲೇ ಇರಲಿ, ಅವಳು ಸಂತೋಷವಾಗಿದ್ದರೆ ಸಾಕು."

ಗುರುಮೂರ್ತಿ ಗಂಟಲು ಸರಿಮಾಡಿಕೊಂಡು ಹೇಳಿದರು: "ನೋಡಮ್ಮ ಯಶೋದಮ್ಮ, ಗಂಡ ಹೆಂಡತಿ ವಿಷಯ ಮೂರನೆಯವರ ಮುಂದೆ ತೀರಲ್ಲ. ಮೇಲೆ ಹೋಗಿ, ಇಬ್ಬರೇ ಕೂತು ಮಾತಾಡಿ. ಮನಸ್ಸು ಬಿಚ್ಚಿ ಮಾತಾಡಿ."

ಅವನು ಮುಂದೆ, ಅವಳು ಹಿಂದೆ. ಮೊದಲನೇ ಮಹಡಿಯವರೆಗೆ "ಮೆಟ್ಟಿಲು ಜೋಪಾನ" ಎನ್ನುತ್ತಿದ್ದ. ಎರಡನೆಯದಕ್ಕೆ ತಿರುಗಿದ ಮೇಲೆ ಮಾತು ನಿಂತಿತು. ಒಳಗೆ ಬಂದ. ಇದ್ದ ಒಂದು ಕುರ್ಚಿಯಲ್ಲಿ ಕೂತ. ರಿಮೋಟು ತೆಗೆದುಕೊಂಡು ಟೀವಿ ಹಾಕಿ, ಸದ್ದು ಪೂರಾ ಇಳಿಸಿ, ನೋಡುತ್ತ ಕುಳಿತ.

"ಯಾಕೆ ಬಂದ್ರಿ?" ಎಂದು ಯಶೋದಾ ಕೇಳಿದಳು.

ಅವನು ಚಾನೆಲ್ ಬದಲಾಯಿಸಿದ.

"ಕೆಳಗೆ ಅಷ್ಟು ಮಾತಾಡಿದ್ರಲ್ಲ, ಇಲ್ಲಿ ಒಂದು ಮಾತಾಡಿ. ಬೈಯಿರಿ ಬೇಕಾದ್ರೆ. ನಾನು ಏನು ಮಾಡಿದೆ ಅಂತ ಹೇಳಿ. ಯುಗಾದಿ ದಿನ ಏನಾಯ್ತು? ನನಗೆ ಇವತ್ತಿಗೂ ಗೊತ್ತಿಲ್ಲ. ಒಬ್ಬಟ್ಟು ಸುಟ್ಟಿತ್ತಾ? ನಿಮ್ಮ ಅಕ್ಕನಿಗೆ ಫೋನ್ ಮಾಡ್ಲಿಲ್ವಾ? ಹೇಳಿ, ಕೇಳಿಸ್ಕೋತೀನಿ."

ಅವಳ ದನಿ ಏರುತ್ತ ಹೋಯಿತು. ಹದಿನಾಲ್ಕು ವರ್ಷದ್ದೆಲ್ಲ ಹೊರಬಿತ್ತು. ಬಚ್ಚಲಿನಲ್ಲಿ ಬಿದ್ದದ್ದು, ತನ್ನ ತಾಯಿ ಸತ್ತ ಸುದ್ದಿಯನ್ನು ಅವನು ಪಕ್ಕದ ಮನೆಯ ಹುಡುಗಿಯ ಬಾಯಲ್ಲಿ ಹೇಳಿಸಿದ್ದು, ಹೊಟ್ಟೆಯಲ್ಲಿದ್ದದ್ದು ಇಳಿದುಹೋದ ವಾರ ಅವನು ಗೋಡೆ ಕಡೆ ತಿರುಗಿ ಮಲಗಿದ್ದು. "ಮನುಷ್ಯರೇನ್ರೀ ನೀವು?" ಎಂದು ಕೂಗಿದಳು. ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅಲ್ಲಿ ಯಾರೋ ಕೊತ್ತಂಬರಿ ಸೊಪ್ಪು ಹೆಚ್ಚುತ್ತಿದ್ದರು.

ಬಾಗಿಲಲ್ಲಿ ಲೋಟದ ಸದ್ದಾಯಿತು. ಮಲ್ಲಿಕಾಂಬ ಕಾಫಿ ತಟ್ಟೆ ಹಿಡಿದು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಕಾಫಿಯ ಮೇಲೆ ಕೆನೆ ಕಟ್ಟಿತ್ತು.

ಪ್ರಸನ್ನಕುಮಾರ್ ತಟಕ್ಕನೆ ಎದ್ದ. "ಅಯ್ಯೋ ತಾಯಿ, ಮಂಡಿ ನೋವಿನಲ್ಲಿ ನೀವ್ಯಾಕೆ ಹತ್ತಿಬಂದಿರಿ? ಕರೆದಿದ್ದರೆ ನಾನೇ ಬರುತ್ತಿದ್ದೆ." ಲೋಟವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ನಿಂತಂತೆಯೇ ಕುಡಿದು, ಕೈಮುಗಿದು, ಮೆಟ್ಟಿಲಿಳಿದು ಹೋದ.

ಯಶೋದಾ ಮಲ್ಲಿಕಾಂಬರ ಕೈ ಹಿಡಿದುಕೊಂಡಳು. ಒಳಗೆ ಏನೋ ಹಗುರಾಗಿತ್ತು. ಹದಿನಾಲ್ಕು ವರ್ಷಕ್ಕೆ ಮೊದಲ ಸಲ ಇನ್ನೊಬ್ಬರು ಅದನ್ನು ಕಣ್ಣಾರೆ ಕಂಡಿದ್ದರು.

"ಅಕ್ಕ, ನೋಡಿದ್ರಲ್ಲ? ನೀವೇ ನೋಡಿದ್ರಿ. ಒಂದು ಮಾತೂ ಆಡಲಿಲ್ಲ."

"ಹೂಂ ಕಣಮ್ಮ. ನೋಡ್ದೆ." ಮಲ್ಲಿಕಾಂಬ ಅವಳ ಕೈ ಬಿಡಿಸಿಕೊಂಡರು. "ಆ ಪಾಟಿ ಬಾಯಿ ಮಾಡಿದೆಯಲ್ಲ ನೀನು. ಮನುಷ್ಯ ಅಲ್ಲ ಅಂದೆ. ಆ ಪುಣ್ಯಾತ್ಮ ತಿರುಗಿ ಒಂದು ಮಾತೂ ಆಡಲಿಲ್ಲ. ಎಂಥಾ ತಾಳ್ಮೆ ಅಂತೀನಿ!"

"ಅಕ್ಕ, ಅದು ತಾಳ್ಮೆ ಅಲ್ಲ. ಅದೇ, ಅದೇ ನಾನು ಹೇಳೋದು—"

"ಸುಮ್ನಿರಮ್ಮ. ನಮ್ಮನೆಯವರು ದೇವರಂಥವರು ಅಂತ ಊರೆಲ್ಲ ಹೇಳ್ತದೆ. ಅನ್ನಕ್ಕೆ ಉಪ್ಪು ಹೆಚ್ಚಾದ್ರೆ ನಮ್ಮಪ್ಪ, ನಮ್ಮಜ್ಜನವರೆಗೂ ಎತ್ತಿ ಆಡ್ತಾರೆ. ಮೂವತ್ನಾಲ್ಕು ವರ್ಷ ಕೇಳಿದೀನಿ. ಮಾತಾಡದ ಗಂಡ ಸಿಕ್ಕಿದ್ರೆ ಅಂತರಘಟ್ಟಮ್ಮಂಗೆ ಹರಕೆ ಒಪ್ಪಿಸ್ತಿದ್ದೆ ನಾನು." ತಟ್ಟೆ ಎತ್ತಿಕೊಂಡು ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಹೋಗಮ್ಮ ಗಂಡನ ಜೊತೆ. ಅಂಥವರನ್ನ ಕಳ್ಕೋಬೇಡ."

ಆ ವಾರದಲ್ಲೇ ಪ್ರಸನ್ನಕುಮಾರ್ ಲ್ಯಾಬಿಗೂ ಬಂದು ಹೋದ. ಲ್ಯಾಬಿನ ಯಜಮಾನ ಓಂಕಾರಮೂರ್ತಿ, "ಮೇಷ್ಟ್ರು ತುಂಬಾ ನೊಂದಿದಾರೆ ಕಣಮ್ಮ. ನೀನು ರಕ್ತ ತೆಗೆಯೋ ಕೈಚಳಕದ ಬಗ್ಗೆ ಎಷ್ಟು ಹೆಮ್ಮೆಯಿಂದ ಹೇಳಿದ್ರು" ಎಂದರು. ಲಿಂಗದಹಳ್ಳಿಯಿಂದ ಅಣ್ಣ ತೀರ್ಥಪ್ಪ ಫೋನು ಮಾಡಿ, "ಬಾವ ಅಳ್ತಿದ್ರು ಕಣೇ. ನಿಂಗೆ ಏನು ಬಂದಿದೆ? ಮಾತಾಡಲ್ಲ ಅಂತ ಯಾರಾದ್ರೂ ಗಂಡನ್ನ ಬಿಡ್ತಾರಾ? ನೀನೇ ಒಂದ್ಹೆಜ್ಜೆ ಸೋತು ಮಾತಾಡಿಸು" ಎಂದ. ಅವಳು ಎಷ್ಟು ಸಾವಿರ ಸಲ ಮಾತಾಡಿಸಿದ್ದಳೆಂದು ಅಣ್ಣನಿಗೆ ಹೇಗೆ ಹೇಳುವುದು? ಹೊಡೆದಿದ್ದರೆ ಬಾಸುಂಡೆ ತೋರಿಸಬಹುದಿತ್ತು. ಇದಕ್ಕೆ ತೋರಿಸಲು ಏನಿದೆ?

ಗುರುಮೂರ್ತಿ ಹದಿನೈದು ದಿನ ನೋಡಿದರು. ಆಮೇಲೆ ಒಂದು ಸಂಜೆ ಅಂಗಡಿಯಿಂದ ಬಂದವರು ಬೂಸಾದ ಧೂಳನ್ನೂ ತೊಳೆಯದೆ ನೇರ ಮೇಲೆ ಬಂದರು. ಕೂರಲಿಲ್ಲ.

"ಯಶೋದಮ್ಮ, ನಾನು ಯಾರಿಗೂ ಮನೆ ಬಿಡಿ ಅಂದೋನಲ್ಲ. ಆದ್ರೆ ನೀನು ನಮಗೆ ಸುಳ್ಳು ಹೇಳ್ಬಿಟ್ಟೆ. ನಾಳೆ ಮಠದಲ್ಲಿ ಯಾರಾದ್ರೂ ಮೇಷ್ಟ್ರ ಹೆಂಡ್ತಿನ ಗುರುಮೂರ್ತಿ ಇಟ್ಕೊಂಡು ಸಾಕ್ತಿದಾನೆ ಅಂದ್ರೆ ನಾನು ಏನು ಹೇಳ್ಲಿ? ಗಂಡನ ಮನೆಗೆ ಹೋಗ್ತೀನಿ ಅನ್ನು, ನಾನೇ ಕಾರಿನಲ್ಲಿ ಬಿಟ್ಟು ಬತ್ತೀನಿ. ಇಲ್ಲ ಅಂದ್ರೆ ಬೇರೆ ಕಡೆ ನೋಡ್ಕೋ."

"ಸಾರ್, ನೀವು ಒಂದು ದಿನ, ಒಂದೇ ದಿನ ಅಕ್ಕನ ಜೊತೆ ಮಾತಾಡದೆ ಇದ್ದು ನೋಡಿ."

ಗುರುಮೂರ್ತಿ ಅವಳನ್ನು ಪಾಪವೆನ್ನುವ ಹಾಗೆ ನೋಡಿದರು. "ಅವಳಿಗೇನು, ಖುಷಿಯಾಗಿರ್ತಾಳೆ" ಎಂದು ನಕ್ಕು, ನಗು ತಪ್ಪಾಯಿತೆಂದು ತಲೆ ತಗ್ಗಿಸಿದರು. ಅಡ್ವಾನ್ಸನ್ನು ಒಂದು ಕಾಸೂ ಹಿಡಿಯದೆ ವಾಪಸು ಕೊಟ್ಟರು. ಸಾಮಾನು ಇಳಿಸಲು ಅಂಗಡಿಯಿಂದ ಇಬ್ಬರು ಆಳುಗಳನ್ನೂ ಕಳಿಸಿದರು. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಒಂದು ನೆಪವನ್ನಾದರೂ ಅವರು ಉಳಿಸಬಾರದಿತ್ತೇ ಎನ್ನಿಸಿತು ಯಶೋದಾಳಿಗೆ.

ಈ ಸಲ ಸುಳ್ಳು ಹೇಳುವುದಿಲ್ಲ ಎಂದುಕೊಂಡು ಅವಳು ತರೀಕೆರೆಯಲ್ಲಿ ಮನೆ ಹುಡುಕಿದಳು. ಅಲ್ಲಿಂದ ಕಡೂರಿಗೆ ರೈಲಿದೆ. ಮೊದಲ ಮನೆಯವರು "ಗಂಡನ್ನ ಬಿಟ್ಟೋರಿಗೆ ಕೊಡಲ್ಲಮ್ಮ" ಎಂದರು. ಎರಡನೆಯವರು ಯೋಚನೆ ಮಾಡಿ ಹೇಳುತ್ತೇವೆಂದು ನಂಬರು ಬರೆದುಕೊಂಡು ಮತ್ತೆ ಫೋನು ಮಾಡಲಿಲ್ಲ. ಮೂರನೆಯವನು ಬಾಡಿಗೆ ಬೇಕಾದರೆ ಕಡಿಮೆ ಮಾಡುತ್ತೇನೆಂದು ಅವಳನ್ನು ಮೇಲಿಂದ ಕೆಳಗೆ ನೋಡಿದ. ನಾಲ್ಕನೆಯದು ಕರಿಯಮ್ಮ ಎಂಬ ಮುದುಕಿಯ ಮನೆ. ಗಂಡ ರೈಲ್ವೆಯಲ್ಲಿ ಹಳಿ ಕೆಲಸ ಮಾಡಿ ಸತ್ತಿದ್ದ. ಮನೆಯ ಹಿಂದಿನ ಒಂದೂವರೆ ಕೋಣೆ ಖಾಲಿಯಿತ್ತು.

"ಗಂಡ?" ಎಂದಳು ಕರಿಯಮ್ಮ, ಅವರೆಕಾಯಿ ಸುಲಿಯುತ್ತಲೇ.

"ಅಜ್ಜಂಪುರದಲ್ಲಿದಾರೆ. ಬಿಟ್ಟು ಬಂದಿದೀನಿ."

"ನೀರು ದಿನ ಬಿಟ್ಟು ದಿನ ಬತ್ತದೆ. ಕೊಡ ಎಷ್ಟವೆ ನಿನ್ ತಾವ?"

"ಎರಡಿವೆ."

"ಸಾಕಾಗಕಿಲ್ಲ. ಇನ್ನೊಂದು ತಗಂಬಾ."

ಅಷ್ಟೇ. ಯಾಕೆ ಎಂದು ಅವಳು ಅಂದೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಆ ಮನೆಯಲ್ಲಿ ಬಾಲ್ಕನಿಯಿರಲಿಲ್ಲ, ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಟೀವಿಯನ್ನು ಯಶೋದಾ ಕರಿಯಮ್ಮನ ನಡುಮನೆಯಲ್ಲಿ ಇಟ್ಟಳು, ಅಲ್ಲಿ ಕೇಬಲ್ಲಿತ್ತು. ಮುದುಕಿಗೆ ಕಿವಿ ಮಂದ. ಧಾರಾವಾಹಿ ನೋಡುವಾಗ "ಈಗೇನಂದ ಅವನು? ಅವಳು ಏನಂದ್ಲು?" ಎಂದು ಪ್ರತಿಯೊಂದಕ್ಕೂ ಯಶೋದಾಳ ಮೊಣಕೈ ತಿವಿಯುತ್ತಿದ್ದಳು. ಯಶೋದಾ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದಳು.

ಮೂರು ತಿಂಗಳ ಮೇಲೆ ಕೋರ್ಟಿನ ನೋಟೀಸು ಬಂತು. ಹೆಂಡತಿಯನ್ನು ಸಂಸಾರಕ್ಕೆ ಕಳಿಸಿಕೊಡಬೇಕೆಂದು ಪ್ರಸನ್ನಕುಮಾರ್ ತರೀಕೆರೆಯಲ್ಲಿ ದಾವೆ ಹಾಕಿದ್ದ. ಯಶೋದಾ ಕೆಲಸದಿಂದ ಬಂದು ಕರಿಯಮ್ಮನ ಜಗಲಿಯ ಮೇಲೆ ಕೂತು ಓದಿದಳು. ಕಾಗದದ ಭಾಷೆ ಚೆನ್ನಾಗಿತ್ತು. ವಕೀಲರು ಬರೆದದ್ದನ್ನು ಅವನು ತಿದ್ದಿರಬೇಕು. ಪ್ರತಿವಾದಿಯು ಸಕಾರಣವಿಲ್ಲದೆ ಮನೆ ತೊರೆದಿದ್ದಾರೆ. ಕಡೂರಿನಲ್ಲಿ ಪತಿ ಗುಜರಾತಿನಲ್ಲಿರುವುದಾಗಿ ಸುಳ್ಳು ಹೇಳಿ ವಾಸವಿದ್ದರು. ಪತಿಯು ಮನವೊಲಿಸಲು ಹೋದಾಗ ಬಾಯಿಗೆ ಬಂದಂತೆ ನಿಂದಿಸಿದರು. ಪತಿಯಾದರೋ ಪ್ರತಿಯಾಗಿ ಒಂದು ಮಾತನ್ನೂ ಆಡಲಿಲ್ಲ. ಇದಕ್ಕೆ ಕಡೂರಿನ ಗೌರವಾನ್ವಿತ ದಂಪತಿಗಳಾದ ಶ್ರೀ ಗುರುಮೂರ್ತಿ, ಶ್ರೀಮತಿ ಮಲ್ಲಿಕಾಂಬ ಸಾಕ್ಷಿ ನುಡಿಯಲು ಸಿದ್ಧರಿದ್ದಾರೆ.

ಒಂದು ಮಾತನ್ನೂ ಆಡಲಿಲ್ಲ ಎಂಬ ಸಾಲನ್ನು ಅವಳು ಮೂರು ಸಲ ಓದಿದಳು. ಅದರಲ್ಲಿ ಸುಳ್ಳೆಂಬುದು ಒಂದಕ್ಷರವೂ ಇರಲಿಲ್ಲ. ಮಲ್ಲಿಕಾಂಬ ಕಟಕಟೆಯಲ್ಲಿ ನಿಂತು ನಿಜವನ್ನೇ ಹೇಳುತ್ತಾರೆ.

"ಏನದು ಕಾಗದ?" ಎಂದಳು ಕರಿಯಮ್ಮ.

"ಕೋರ್ಟಿಂದು. ಹದಿನೇಳನೇ ತಾರೀಕು ಹೋಗ್ಬೇಕು."

"ಅಲ್ಲಿಗೆ ನಿನ್ನ ಗಂಡಾನೂ ಬತ್ತಾನಾ?"

"ಬರ್ತಾರೆ." ಯಶೋದಾ ಕಾಗದ ಮಡಚಿದಳು. ಏನೋ ಹೊಳೆದವಳಂತೆ ನಿಧಾನವಾಗಿ ಹೇಳಿದಳು: "ನಾನೂ ಒಬ್ಬ ವಕೀಲರನ್ನ ಇಡ್ತೀನಿ. ಆ ವಕೀಲರು ಕೇಳಿದ್ದಕ್ಕೆ ಇವರು ಅಲ್ಲಿ ಉತ್ತರ ಹೇಳಲೇಬೇಕಂತೆ. ಯುಗಾದಿ ದಿನ ಏನಾಯ್ತು ಅಂತ ಕೇಳಿಸ್ತೀನಿ."

"ಹಂಗಾರೆ ಹೇಳ್ತಾನೆ ಬಿಡು."

"ಹೇಳ್ತಾರೆ. ಚೆನ್ನಾಗಿ ಹೇಳ್ತಾರೆ. ಆದ್ರೆ ಜಡ್ಜಿಗೆ ಹೇಳ್ತಾರೆ ಅಜ್ಜಿ. ನನಗಲ್ಲ."

ಮುದುಕಿಗೆ ಪೂರಾ ಕೇಳಿಸಲಿಲ್ಲ. "ಆಂ?" ಎಂದಳು. ಯಶೋದಾ ಮತ್ತೆ ಹೇಳಲು ಬಾಯಿ ತೆರೆದಳು. ಆಗಲಿಲ್ಲ. ಎದ್ದು ಒಳಗೆ ಹೋಗಿ, ಹದಿನೇಳನೇ ತಾರೀಕು ರಜ ಬೇಕೆಂದು ಓಂಕಾರಮೂರ್ತಿಯವರಿಗೆ ಮೊಬೈಲಿನಲ್ಲಿ ಬರೆದು ಕಳಿಸಿದಳು.